ರೂಟ್ ಆಗಿ ಓಡಿಸಿದಾಗ ವಿಫಲವಾಗುವ ಟೆಸ್ಟ್‌ಗಳು: ಪತ್ತೆಯಿಂದ ಪರಿಹಾರದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಡೆವಲಪರ್‌ನ ಲ್ಯಾಪ್‌ಟಾಪ್‌ನಲ್ಲಿ ಉತ್ತೀರ್ಣವಾದ ಟೆಸ್ಟ್‌ಗಳಲ್ಲಿ ಕೆಲವು, ಅದೇ ಕೋಡ್ ಸಿಐ ವ್ಯವಸ್ಥೆಯ (ಕೋಡ್ ಬದಲಾದಾಗ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಡಾಕರ್ ಕಂಟೈನರ್‌ನೊಳಗೆ (ಪ್ರೋಗ್ರಾಂ ಓಡುವ ಪ್ರತ್ಯೇಕ ಪರಿಸರ) ಹೋದೊಡನೆ ಬೀಳುತ್ತವೆ. ಬಿದ್ದವುಗಳ ಹೆಸರಿನಲ್ಲಿ ‘ಪರ್ಮಿಷನ್’, ‘ರೀಡ್ ಓನ್ಲಿ’, ‘ಡಿನೈಡ್’ ಎಂಬಂತಹ ಪದಗಳು ಕಾಣಿಸಿಕೊಂಡರೆ, ಕೋಡ್‌ನಲ್ಲಿ ದೋಷ ಹುಡುಕಲು ಕೂರುವ ಮೊದಲು ಈ ಟೆಸ್ಟ್‌ಗಳನ್ನು ಯಾವ ಬಳಕೆದಾರನ ಹೆಸರಿನಲ್ಲಿ ಓಡಿಸಲಾಗಿದೆ ಎಂಬುದನ್ನು ನೋಡಬೇಕು. ಡಾಕರ್ ಇಮೇಜ್‌ನಲ್ಲಿ (ಕಂಟೈನರ್ ಹುಟ್ಟುವ ಅಚ್ಚು) ಬೇರೆ ಬಳಕೆದಾರನನ್ನು ಹೆಸರಿಸದಿದ್ದರೆ ಒಳಗಿನ ಎಲ್ಲವೂ ರೂಟ್ ಆಗಿಯೇ, ಅಂದರೆ ಅತ್ಯುನ್ನತ ಅಧಿಕಾರದ ಬಳಕೆದಾರನಾಗಿಯೇ ಓಡುತ್ತದೆ. ಇಂದು ನಾವು ಕಾಣುವ ಈ ಬಗೆಯ ವೈಫಲ್ಯಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲಿಯೇ.

ಈ ಮಾರ್ಗದರ್ಶಿ ಲಿನಕ್ಸ್‌ಗೆ ಸಂಬಂಧಿಸಿದ್ದು. ಆದೇಶಗಳನ್ನೂ ಆಯ್ಕೆಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿಯೇ ಕೊಡಲಾಗಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ಮೂಲ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಬೇಕು.

ರೂಟ್‌ಗೆ ಕರ್ನಲ್ ತೋರುವ ವಿನಾಯಿತಿ

ಪರಿಹಾರಕ್ಕೆ ಮುನ್ನ ಕಾರಣವನ್ನು ಸ್ವಲ್ಪ ನಿಖರವಾಗಿ ತಿಳಿದುಕೊಳ್ಳುವುದು ಅಗತ್ಯ, ಏಕೆಂದರೆ ‘ರೂಟ್‌ಗೆ ಎಲ್ಲವೂ ಸಾಧ್ಯ’ ಎಂಬ ಸರಳ ನಂಬಿಕೆಯೇ ಅರ್ಧದಷ್ಟು ತಪ್ಪು ಪರಿಹಾರಗಳ ಮೂಲವಾಗಿದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.2ನೇ ಆವೃತ್ತಿಯಿಂದ ಈಚೆಗೆ ರೂಟ್‌ನ ಅಧಿಕಾರವು ಒಂದೇ ಗಂಟಾಗಿ ಉಳಿದಿಲ್ಲ. ಅದನ್ನು ಕೇಪಬಿಲಿಟಿಗಳೆಂಬ ಬಿಡಿ ಅಧಿಕಾರಗಳಾಗಿ ಒಡೆಯಲಾಗಿದೆ. ಫೈಲ್‌ನ ಅನುಮತಿ ಬಿಟ್‌ಗಳನ್ನು ಲೆಕ್ಕಿಸದೆ ಓದಲು ಮತ್ತು ಬರೆಯಲು ಬಿಡುವುದು ‘ಕ್ಯಾಪ್ ಡ್ಯಾಕ್ ಓವರ್‌ರೈಡ್’. ಫೈಲ್‌ಗಳನ್ನು ಓದಲು ಹಾಗೂ ಡೈರೆಕ್ಟರಿಗಳ ಒಳಹೊಗಲು ಮಾತ್ರ ಬಿಡುವುದು ‘ಕ್ಯಾಪ್ ಡ್ಯಾಕ್ ರೀಡ್ ಸರ್ಚ್’. ಮಾಲೀಕತ್ವ ಬದಲಿಸುವುದಕ್ಕೆ, ಬೇರೆಯವರ ಪ್ರೋಸೆಸ್‌ಗೆ ಸಿಗ್ನಲ್ ಕಳುಹಿಸುವುದಕ್ಕೆ, 1024ಕ್ಕಿಂತ ಕೆಳಗಿನ ಪೋರ್ಟ್ ಹಿಡಿಯುವುದಕ್ಕೆ ಪ್ರತ್ಯೇಕ ಕೇಪಬಿಲಿಟಿಗಳಿವೆ. ಸಾಮಾನ್ಯವಾಗಿ ರೂಟ್‌ನ ಯುಐಡಿ (ಬಳಕೆದಾರನ ಗುರುತಿನ ಸಂಖ್ಯೆ) ಆದ 0 ಇರುವ ಪ್ರೋಸೆಸ್‌ಗೆ ಇವೆಲ್ಲವೂ ಒಟ್ಟಿಗೆ ದೊರೆಯುತ್ತವೆ. ಆದರೆ ಹಾಗೆ ದೊರೆಯಲೇಬೇಕೆಂಬ ನಿಯಮವೇನೂ ಇಲ್ಲ.

ಈಗ ಒಂದು ಮಾದರಿ ಟೆಸ್ಟ್ ನೋಡೋಣ. ಅದು ತಾತ್ಕಾಲಿಕ ಫೈಲ್ ಒಂದನ್ನು ರಚಿಸಿ, ಚ್‌ಮಾಡ್ 000 ಮೂಲಕ ಎಲ್ಲ ಅನುಮತಿಗಳನ್ನೂ ತೆಗೆದು, ನಮ್ಮ ಕೋಡ್ ಆ ಫೈಲನ್ನು ತೆರೆಯಲು ಹೋದಾಗ ‘ಪರ್ಮಿಷನ್ ಡಿನೈಡ್’ ದೋಷವನ್ನು ಸರಿಯಾಗಿ ನಿಭಾಯಿಸುತ್ತದೆಯೇ ಎಂದು ಪರಿಶೀಲಿಸುತ್ತದೆ. ರೂಟ್ ಆಗಿ ಓಡಿಸಿದಾಗ ಫೈಲ್ ಸಲೀಸಾಗಿ ತೆರೆದುಕೊಳ್ಳುತ್ತದೆ, ದೋಷವೇ ಹುಟ್ಟುವುದಿಲ್ಲ, ಪೈಥಾನ್‌ನ ಟೆಸ್ಟ್ ಸಾಧನವಾದ ಪೈಟೆಸ್ಟ್ ‘ಡಿಡ್ ನಾಟ್ ರೈಸ್’ (ದೋಷ ಹುಟ್ಟಲಿಲ್ಲ) ಎಂದು ವರದಿ ಮಾಡುತ್ತದೆ. ಬೀಗ ಗಟ್ಟಿಯಾಗಿದೆಯೇ ಎಂದು ನೋಡಲು ಕೀಲಿಗೊಂಚಲು ಹಿಡಿದವನನ್ನೇ ಕಳುಹಿಸಿದಂತೆ ಇದು. ಕೋಡ್ ಸರಿಯಾಗಿಯೇ ಇರಬಹುದು. ನಾವು ಕೇಳಬೇಕೆಂದಿದ್ದ ಪ್ರಶ್ನೆ ಮಾತ್ರ ಕೇಳಲ್ಪಟ್ಟಿಲ್ಲ.

ಇದರ ಮಗ್ಗುಲಿನ ಇನ್ನೊಂದು ಅಪಾಯ ಹೆಚ್ಚು ಗಂಭೀರವಾದುದು, ಆದರೆ ಕೆಂಪು ಬಣ್ಣದಲ್ಲಿ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ರೂಟ್ ಆಗಿ ಓಡುವಾಗ ವಿಫಲವಾಗಬೇಕಿದ್ದ ಟೆಸ್ಟ್‌ಗಳೂ ಉತ್ತೀರ್ಣವಾಗುತ್ತವೆ. ಕೋಡ್ ಎಲ್ಲೋ ಒಂದು ಕಡೆ ‘ವಾರ್’ ಡೈರೆಕ್ಟರಿಯ ಲಾಗ್ ಜಾಗಕ್ಕೆ ನೇರವಾಗಿ ಬರೆಯುತ್ತಿದ್ದರೆ ರೂಟ್‌ಗೆ ಅದು ಸಾಧ್ಯ, ಗ್ರಾಹಕನ ಸರ್ವರ್‌ನಲ್ಲಿ ಸಾಮಾನ್ಯ ಬಳಕೆದಾರನಾಗಿ ಓಡುವ ಸೇವೆಗೆ ಅದು ಅಸಾಧ್ಯ. ಆದ್ದರಿಂದಲೇ ಬಿದ್ದ ನಾಲ್ಕು ಟೆಸ್ಟ್‌ಗಳಿಗೆ ‘ರೂಟ್ ಆಗಿದ್ದರೆ ಬಿಟ್ಟುಬಿಡು’ ಎಂಬ ಸಾಲು ಸೇರಿಸಿ ಮುಗಿಸುವುದನ್ನು ನಾನು ಪರಿಹಾರವೆಂದು ಒಪ್ಪುವುದಿಲ್ಲ. ಹಾಗೆ ಮಾಡಿದಾಗ ಬಿದ್ದವು ಮಾತ್ರ ಮರೆಯಾಗುತ್ತವೆ, ಸುಳ್ಳಾಗಿ ಉತ್ತೀರ್ಣವಾದವು ಹಾಗೆಯೇ ಉಳಿಯುತ್ತವೆ.

ಮೊದಲ ಹೆಜ್ಜೆ: ಕಾರಣ ರೂಟ್ ಎಂಬುದನ್ನು ಖಚಿತಪಡಿಸಿಕೊಳ್ಳುವುದು

ಟೆಸ್ಟ್ ಓಡುವ ಅದೇ ಹಂತದಲ್ಲಿ, ಅದೇ ಕಂಟೈನರ್‌ನೊಳಗೆ, ‘ಐಡಿ’ ಆದೇಶವನ್ನು ಸೇರಿಸಿ ಅದರ ಔಟ್‌ಪುಟ್ ಲಾಗ್‌ಗೆ ಬರುವಂತೆ ಮಾಡಬೇಕು. ಯುಐಡಿ 0 ಎಂದು ಬಂದರೆ ಅನುಮಾನ ಬಲವಾಯಿತು, ಆದರೆ ಸಾಬೀತಾಗಲಿಲ್ಲ. ಪ್ರೋಸೆಸ್‌ಗೆ ನಿಜವಾಗಿ ಇರುವ ಅಧಿಕಾರ ತಿಳಿಯಲು ಪ್ರೋಕ್ ಫೈಲ್‌ಸಿಸ್ಟಂನಲ್ಲಿ ‘ಸೆಲ್ಫ್’ ಅಡಿಯ ‘ಸ್ಟೇಟಸ್’ ಫೈಲನ್ನು ತೆರೆದು ‘ಕ್ಯಾಪ್ ಎಫ್’ ಎಂಬ ಸಾಲನ್ನು ಓದಬೇಕು. ಡಾಕರ್‌ನ ಸಾಮಾನ್ಯ ಸಂರಚನೆಯಲ್ಲಿ ಆ ಹದಿನಾರರ ಪದ್ಧತಿಯ ಸಂಖ್ಯೆ ‘ಎ80425ಎಫ್‌ಬಿ’ ಎಂದು ಕೊನೆಗೊಳ್ಳುತ್ತದೆ. ಕಟ್ಟಕಡೆಯ ಅಂಕೆ ‘ಬಿ’, ಅಂದರೆ ಬೈನರಿಯಲ್ಲಿ 1011. ಬಲದಿಂದ ಎರಡನೆಯದು ಡ್ಯಾಕ್ ಓವರ್‌ರೈಡ್‌ನ ಬಿಟ್, ಅದು 1 ಆಗಿದೆ. ಮೂರನೆಯದು ರೀಡ್ ಸರ್ಚ್‌ನ ಬಿಟ್, ಅದು 0 ಆಗಿದೆ. ಬಿಟ್ ಲೆಕ್ಕದ ಗೊಡವೆ ಬೇಡವೆನ್ನುವವರು ‘ಕ್ಯಾಪ್‌ಶ್’ ಆದೇಶದ ‘ಡಿಕೋಡ್’ ಆಯ್ಕೆಗೆ ಆ ಸಂಖ್ಯೆಯನ್ನು ಕೊಟ್ಟರೆ ಹೆಸರುಗಳ ಪಟ್ಟಿಯೇ ಸಿಗುತ್ತದೆ.

ನಂತರ ಅದೇ ಟೆಸ್ಟನ್ನು ಅದೇ ಇಮೇಜ್‌ನಲ್ಲಿ ಸಾಮಾನ್ಯ ಬಳಕೆದಾರನಾಗಿ ಒಮ್ಮೆ ಓಡಿಸಬೇಕು. ಬೇರೆ ಯಂತ್ರದಲ್ಲಿ ಓಡಿಸಿ ಹೋಲಿಸುವುದು ಸಾಲದು. ಅಲ್ಲಿ ಲೈಬ್ರರಿಯ ಆವೃತ್ತಿಯಿಂದ ಹಿಡಿದು ಫೈಲ್‌ಸಿಸ್ಟಂವರೆಗೆ ಎಲ್ಲವೂ ಬೇರೆಯಾಗಿರುತ್ತದೆ. ಬಳಕೆದಾರನನ್ನು ಮಾತ್ರ ಬದಲಿಸಿದಾಗ ಫಲಿತಾಂಶ ಬದಲಾದರೆ ಕಾರಣ ಸಾಬೀತಾದಂತೆ.

ರೂಟ್‌ಲೆಸ್ ಪಾಡ್‌ಮ್ಯಾನ್ (ರೂಟ್ ಅಧಿಕಾರವಿಲ್ಲದೆ ಕಂಟೈನರ್ ಓಡಿಸುವ, ಡಾಕರ್‌ನಂತಹ ಸಾಧನ) ಬಳಸುವವರು ಇಲ್ಲಿ ಹೆಚ್ಚಾಗಿ ಗೊಂದಲಕ್ಕೆ ಒಳಗಾಗುತ್ತಾರೆ. ಹೊರಗಿನಿಂದ ನೋಡಿದರೆ ಕಂಟೈನರ್ ಸಾಮಾನ್ಯ ಬಳಕೆದಾರನದೇ, ಆದರೂ ಒಳಗೆ ಟೆಸ್ಟ್ ಬೀಳುತ್ತದೆ. ಯೂಸರ್ ನೇಮ್‌ಸ್ಪೇಸ್‌ನೊಳಗಿನ (ಒಳಗಿನ ಯುಐಡಿಗಳನ್ನು ಹೊರಗಿನ ಯಂತ್ರದ ಬೇರೆ ಯುಐಡಿಗಳಿಗೆ ಹೊಂದಿಸುವ ವಲಯ) ರೂಟ್‌ಗೆ, ಆ ನೇಮ್‌ಸ್ಪೇಸ್‌ಗೆ ಮ್ಯಾಪ್ ಆಗಿರುವ ಫೈಲ್‌ಗಳ ಮೇಲೆ ಡ್ಯಾಕ್ ಓವರ್‌ರೈಡ್ ಅಧಿಕಾರ ಇದ್ದೇ ಇರುತ್ತದೆ. ಟೆಸ್ಟ್ ರಚಿಸುವ ತಾತ್ಕಾಲಿಕ ಫೈಲ್‌ಗಳು ಅಂತಹವೇ. ರೂಟ್‌ಲೆಸ್ ಎಂಬ ಹೆಸರು ಹೋಸ್ಟ್‌ನ, ಅಂದರೆ ಹೊರಗಿನ ಯಂತ್ರದ, ಸುರಕ್ಷತೆಯ ಬಗ್ಗೆ ಹೇಳುತ್ತದೆಯೇ ಹೊರತು ಒಳಗಿನ ಟೆಸ್ಟ್‌ಗಳ ಬಗ್ಗೆ ಅಲ್ಲ.

ಎರಡನೆಯ ಹೆಜ್ಜೆ: ಟೆಸ್ಟ್‌ಗಳನ್ನು ಸಾಮಾನ್ಯ ಬಳಕೆದಾರನಾಗಿ ಓಡಿಸುವುದು

ಸಾಧ್ಯವಿರುವೆಡೆಯೆಲ್ಲ ಇದೇ ಸರಿಯಾದ ಪರಿಹಾರ. ಡಾಕರ್‌ಫೈಲ್‌ನಲ್ಲಿ (ಇಮೇಜ್ ಕಟ್ಟುವ ಸೂಚನೆಗಳ ಫೈಲ್) ಪ್ಯಾಕೇಜ್‌ಗಳ ಸ್ಥಾಪನೆಯನ್ನೆಲ್ಲ ರೂಟ್ ಆಗಿಯೇ ಮುಗಿಸಿ, ಬಳಿಕ ‘ಯೂಸರ್‌ಆಡ್’ ಮೂಲಕ ಮನೆ ಡೈರೆಕ್ಟರಿ ಸಹಿತ ಒಬ್ಬ ಬಳಕೆದಾರನನ್ನು ರಚಿಸಬೇಕು. ಇಲ್ಲಿ ಅವನನ್ನು ‘ಟೆಸ್ಟರ್’ ಎಂದು ಕರೆಯೋಣ. ಕೆಲಸದ ಡೈರೆಕ್ಟರಿಯನ್ನು ಅವನ ಹೆಸರಿಗೆ ಚ್‌ಓನ್ ಮಾಡಿ, ಸೋರ್ಸ್ ಫೈಲ್‌ಗಳನ್ನು ‘ಕಾಪಿ’ ಸೂಚನೆಯ ‘ಚ್‌ಓನ್’ ಆಯ್ಕೆಯೊಂದಿಗೆ ಸೇರಿಸಿ, ಕೊನೆಯಲ್ಲಿ ‘ಯೂಸರ್’ ಸೂಚನೆಯನ್ನು ಬರೆಯಬೇಕು. ಈ ಕ್ರಮ ಮುಖ್ಯ: ‘ಯೂಸರ್’ ಸೂಚನೆ ಮೊದಲೇ ಬಂದರೆ ಪ್ಯಾಕೇಜ್ ಸ್ಥಾಪನೆ ವಿಫಲವಾಗುತ್ತದೆ, ಮತ್ತು ‘ಚ್‌ಓನ್’ ಆಯ್ಕೆಯಿಲ್ಲದ ‘ಕಾಪಿ’ ಸೂಚನೆಯು ‘ಯೂಸರ್’ ಸಾಲಿನ ನಂತರ ಬಂದರೂ ಫೈಲ್‌ಗಳನ್ನು ರೂಟ್‌ನ ಹೆಸರಿನಲ್ಲಿಯೇ ಇಡುತ್ತದೆ. ನೋಡ್‌ನ ಅಧಿಕೃತ ಇಮೇಜ್‌ನಲ್ಲಿ ಯುಐಡಿ 1000 ಇರುವ ‘ನೋಡ್’ ಎಂಬ ಬಳಕೆದಾರ ಮೊದಲೇ ಇರುವುದರಿಂದ ಅಲ್ಲಿ ‘ಯೂಸರ್’ ಸಾಲು ಸೇರಿಸಿ, ಕೆಲಸದ ಡೈರೆಕ್ಟರಿಯ ಮಾಲೀಕತ್ವ ಬದಲಿಸಿದರೆ ಸಾಕು.

ಈ ಕೆಲಸಕ್ಕೆ ‘ನೋಬಡಿ’ ಎಂಬ ಸಿದ್ಧ ಬಳಕೆದಾರನನ್ನು ಬಳಸುವ ಆಸೆ ಹಲವರಿಗೆ ಬರುತ್ತದೆ. ಅವನಿಗೆ ಬಳಸಬಹುದಾದ ಮನೆ ಡೈರೆಕ್ಟರಿ ಇರುವುದಿಲ್ಲವಾದ್ದರಿಂದ ಕ್ಯಾಶ್ ಬರೆಯಲು ಹೋಗುವ ಪ್ರತಿಯೊಂದು ಸಾಧನವೂ ಹೊಸ ತಕರಾರು ತೆಗೆಯುತ್ತದೆ. ಪ್ರತ್ಯೇಕ ಬಳಕೆದಾರನನ್ನು ರಚಿಸಲು ಬೇಕಾಗುವುದು ಒಂದೇ ಸಾಲು.

ಇಮೇಜ್ ನಮ್ಮದಲ್ಲದಿದ್ದರೆ, ಅಥವಾ ಸ್ಕ್ರಿಪ್ಟ್‌ನ ಮೊದಲ ಭಾಗಕ್ಕೆ ರೂಟ್ ಬೇಕೇ ಬೇಕೆಂದಿದ್ದರೆ, ಟೆಸ್ಟ್ ಓಡಿಸುವ ಸಾಲಿನಲ್ಲಿ ಮಾತ್ರ ಬಳಕೆದಾರನನ್ನು ಬದಲಿಸಬಹುದು. ‘ಸು’, ‘ರನ್‌ಯೂಸರ್’, ‘ಸುಡೊ’, ‘ಸೆಟ್‌ಪ್ರಿವ್’ ಇವುಗಳಲ್ಲಿ ಯಾವುದೂ ಆದೀತು. ಸ್ಕ್ರಿಪ್ಟ್‌ಗಳಲ್ಲಿ ನಾನು ಸೆಟ್‌ಪ್ರಿವ್‌ಗೆ ಒಲವು ತೋರುತ್ತೇನೆ. ‘ರೀಯುಐಡಿ’, ‘ರೀಜಿಐಡಿ’ ಮತ್ತು ‘ಇನಿಟ್ ಗ್ರೂಪ್ಸ್’ ಆಯ್ಕೆಗಳನ್ನು ಕೊಟ್ಟರೆ ಅದು ಬಳಕೆದಾರ, ಗುಂಪು ಮತ್ತು ಉಪಗುಂಪುಗಳನ್ನು ಬದಲಿಸಿ, ನಡುವೆ ಯಾವ ಶೆಲ್ಲನ್ನೂ ತರದೆ ನೇರವಾಗಿ ಆದೇಶವನ್ನು ಓಡಿಸುತ್ತದೆ. ಆದರೆ ಅದು ‘ಹೋಮ್’ ವೇರಿಯಬಲ್ಲನ್ನು ತಾನಾಗಿ ಮುಟ್ಟುವುದಿಲ್ಲ. ಹೊಸ ಬಳಕೆದಾರನಾಗಿ ಓಡುತ್ತಿರುವ ಟೆಸ್ಟ್ ಹಳೆಯ ರೂಟ್‌ನ ಮನೆಯಲ್ಲಿ ಸಂರಚನಾ ಫೈಲ್ ಹುಡುಕಿ ಪೆಟ್ಟು ತಿನ್ನುವುದು ಇದರಿಂದಲೇ. ಆದ್ದರಿಂದ ‘ರೀಸೆಟ್ ಎನ್ವ್’ ಆಯ್ಕೆಯನ್ನಾದರೂ ಸೇರಿಸಬೇಕು, ಇಲ್ಲವೇ ಹೋಮ್ ಅನ್ನು ಕೈಯಾರೆ ಹೊಂದಿಸಬೇಕು. ಸುಡೊ ಬಳಸುವವರು ಅದರ ಸುರಕ್ಷಿತ ಪಾತ್ ಸಂರಚನೆಯು ನಮ್ಮ ‘ಪಾತ್’ ವೇರಿಯಬಲ್ಲನ್ನು ಬದಲಿಸಿಬಿಡಬಹುದೆಂಬುದನ್ನು ಮರೆಯಬಾರದು. ವರ್ಚುವಲ್ ಎನ್ವಿರಾನ್‌ಮೆಂಟ್‌ನ ಪೈಥಾನ್ ಬದಲು ವ್ಯವಸ್ಥೆಯ ಪೈಥಾನ್ ಓಡಿ, ಮಾಡ್ಯೂಲ್ ಸಿಗಲಿಲ್ಲವೆಂಬ ದೋಷ ಬಂದರೆ ಕಾರಣ ಇದೇ.

ಈ ವಿಧಾನ ಹೊಸದೇನಲ್ಲ. ಇಡೀ ಲಿನಕ್ಸ್ ವ್ಯವಸ್ಥೆಯನ್ನು ಸೋರ್ಸ್‌ನಿಂದ ಕಟ್ಟುವ ‘ಲಿನಕ್ಸ್ ಫ್ರಂ ಸ್ಕ್ರ್ಯಾಚ್’ ಯೋಜನೆಯಲ್ಲಿ ಅಂತಿಮ ವ್ಯವಸ್ಥೆಯನ್ನು ಚ್‌ರೂಟ್‌ನೊಳಗೆ (ಮೂಲ ಡೈರೆಕ್ಟರಿಯನ್ನು ಬದಲಿಸಿದ ಪರಿಸರ) ರೂಟ್ ಆಗಿಯೇ ಕಟ್ಟಲಾಗುತ್ತದೆ. ಆದರೆ ಜಿಸಿಸಿ, ಬ್ಯಾಶ್, ಕೋರ್‌ಯುಟಿಲ್ಸ್‌ಗಳ ಪರೀಕ್ಷೆಯ ಸರದಿ ಬಂದಾಗ ಸೋರ್ಸ್ ಡೈರೆಕ್ಟರಿಯನ್ನು ‘ಟೆಸ್ಟರ್’ ಎಂಬ ಬಳಕೆದಾರನ ಹೆಸರಿಗೆ ವರ್ಗಾಯಿಸಿ, ‘ಸು’ ಮೂಲಕ ಅವನಾಗಿ, ಪಾತ್ ವೇರಿಯಬಲ್ಲನ್ನು ಸ್ಪಷ್ಟವಾಗಿ ಜೊತೆಗೊಯ್ದು, ‘ಮೇಕ್’ ಓಡಿಸಲಾಗುತ್ತದೆ. ಮೇಲೆ ಬಳಸಿದ ಹೆಸರು ಅಲ್ಲಿಂದಲೇ ಬಂದದ್ದು.

ಸಿಐ ವ್ಯವಸ್ಥೆಗಳಲ್ಲಿ ಒಂದೊಂದರ ನಡೆ ಒಂದೊಂದು ರೀತಿ. ಗಿಟ್‌ಹಬ್ ಆ್ಯಕ್ಷನ್ಸ್‌ನ ಹೋಸ್ಟೆಡ್ ಉಬುಂಟು ಯಂತ್ರದಲ್ಲಿ ನೇರವಾಗಿ ಓಡುವ ಹಂತಗಳು ‘ರನ್ನರ್’ ಎಂಬ ಸಾಮಾನ್ಯ ಬಳಕೆದಾರನವು. ಅದೇ ಜಾಬ್‌ಗೆ ‘ಕಂಟೈನರ್’ ಎಂಬ ಕೀಲಿಪದ ಸೇರಿಸಿದೊಡನೆ, ಇಮೇಜ್ ಬೇರೆ ಬಳಕೆದಾರನನ್ನು ಹೆಸರಿಸಿರದಿದ್ದರೆ, ಎಲ್ಲವೂ ರೂಟ್ ಆಗುತ್ತದೆ. ‘ಕಂಟೈನರ್ ಸೇರಿಸಿದ ಮೇಲೆ ಟೆಸ್ಟ್ ಬೀಳುತ್ತಿದೆ’ ಎಂಬ ದೂರಿನ ಹಿಂದೆ ಅನೇಕ ಬಾರಿ ಇಷ್ಟೇ ಇರುತ್ತದೆ. ಗಿಟ್‌ಲ್ಯಾಬ್‌ನ ಡಾಕರ್ ಎಕ್ಸಿಕ್ಯೂಟರ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ: ಅದು ಕೋಡನ್ನು ಸಾಮಾನ್ಯವಾಗಿ ಯುಮಾಸ್ಕ್ (ಹೊಸ ಫೈಲ್‌ಗಳಿಂದ ಯಾವ ಅನುಮತಿಗಳನ್ನು ಕಳೆಯಬೇಕೆಂಬ ಸಂಖ್ಯೆ) 0000 ಇಟ್ಟುಕೊಂಡು ಕ್ಲೋನ್ ಮಾಡುವುದರಿಂದ ಫೈಲ್‌ಗಳು ಎಲ್ಲರೂ ಬರೆಯಬಹುದಾದ ಸ್ಥಿತಿಯಲ್ಲಿರುತ್ತವೆ, ಆದ್ದರಿಂದ ಫೈಲ್‌ನ ಮೋಡ್ 644 ಎಂದು ನಿರೀಕ್ಷಿಸುವ ಟೆಸ್ಟ್‌ಗಳು ಬಳಕೆದಾರನನ್ನು ಬದಲಿಸಿದ ಮೇಲೂ ಬೀಳಬಹುದು. ಜೆಂಕಿನ್ಸ್‌ನ ಡಾಕರ್ ಪೈಪ್‌ಲೈನ್ ತದ್ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ; ಏಜೆಂಟ್‌ನ ಯುಐಡಿಯನ್ನೇ ಕಂಟೈನರ್‌ನೊಳಗೂ ಒಯ್ಯುತ್ತದೆ, ಆ ಯುಐಡಿಗೆ ಒಳಗೆ ಹೆಸರಿರಲಿ, ಇಲ್ಲದಿರಲಿ.

ಬಳಕೆದಾರನನ್ನು ಬದಲಿಸಿದ ಮೇಲೆ ಎದುರಾಗುವ ಹೊಸ ವೈಫಲ್ಯಗಳು

ರೂಟ್‌ನಿಂದ ಕೆಳಗಿಳಿದ ಮೊದಲ ಬಾರಿಗೆ ಬೀಳುವ ಟೆಸ್ಟ್‌ಗಳ ಸಂಖ್ಯೆ ಕಡಿಮೆಯಾಗುವ ಬದಲು ಹೆಚ್ಚಾದರೆ ಗಾಬರಿಯಾಗಬೇಕಿಲ್ಲ. ಹಿಂದೆ ರೂಟ್ ಆಗಿ ಓಡಿದಾಗ ಉಳಿದುಹೋದ ಪೈಕ್ಯಾಶ್, ಪೈಟೆಸ್ಟ್ ಕ್ಯಾಶ್, ನೋಡ್ ಮಾಡ್ಯೂಲ್ಸ್, ರಸ್ಟ್‌ನ ಟಾರ್ಗೆಟ್ ಇಂತಹ ಡೈರೆಕ್ಟರಿಗಳು ಇನ್ನೂ ರೂಟ್‌ನ ಹೆಸರಿನಲ್ಲಿರುತ್ತವೆ, ಹೊಸ ಬಳಕೆದಾರ ಅವುಗಳಲ್ಲಿ ಬರೆಯಲಾರ. ‘ಫೈಂಡ್’ ಆದೇಶಕ್ಕೆ ‘ಯೂಸರ್ ರೂಟ್’ ಎಂಬ ಷರತ್ತು ಕೊಟ್ಟು ಪ್ರಾಜೆಕ್ಟ್ ಡೈರೆಕ್ಟರಿಯಲ್ಲಿ ಅವುಗಳನ್ನು ಪಟ್ಟಿ ಮಾಡಿ, ಅಳಿಸಬಹುದಾದವನ್ನು ಅಳಿಸಿ ಉಳಿದವುಗಳ ಮಾಲೀಕತ್ವ ಬದಲಿಸಬೇಕು. ಸಿಐನಲ್ಲಿ ಹಳೆಯ ಕ್ಯಾಶ್ ಮರಳಿ ಬರುವ ವ್ಯವಸ್ಥೆಯಿದ್ದರೆ ಅದರ ಕೀಲಿಯನ್ನೂ ಬದಲಿಸಬೇಕು. ಇಲ್ಲದಿದ್ದರೆ ರೂಟ್‌ನ ಮನೆಯ ದಾರಿಗಳನ್ನೇ ನಂಬಿದ ಹಳೆಯ ಕ್ಯಾಶ್ ಪ್ರತಿ ಬಾರಿಯೂ ಹಿಂದಿರುಗಿ ಬರುತ್ತದೆ.

ಗಿಟ್‌ನ ‘ಡ್ಯೂಬಿಯಸ್ ಓನರ್‌ಶಿಪ್’ ದೋಷ ಈ ಹಂತದಲ್ಲಿ ಬಹಳ ಸಾಮಾನ್ಯ. 2022ರ ಏಪ್ರಿಲ್‌ನಲ್ಲಿ ಬಂದ ಗಿಟ್ 2.35.2ರಿಂದ ಈಚೆಗೆ, ರೆಪೊಸಿಟರಿಯ ಡೈರೆಕ್ಟರಿ ಬೇರೊಬ್ಬ ಬಳಕೆದಾರನದಾಗಿದ್ದರೆ ಗಿಟ್ ಅದರಲ್ಲಿ ಕೆಲಸ ಮಾಡಲು ನಿರಾಕರಿಸುತ್ತದೆ. ಹೋಸ್ಟ್‌ನ ಯುಐಡಿ 1000ರ ಡೈರೆಕ್ಟರಿಯನ್ನು ಮೌಂಟ್ ಮಾಡಿಕೊಂಡ ಕಂಟೈನರ್‌ನ ರೂಟ್‌ಗೂ ಈ ನಿರಾಕರಣೆ ಅನ್ವಯಿಸುತ್ತದೆ. ಆವೃತ್ತಿ ಸಂಖ್ಯೆಯನ್ನು ಗಿಟ್ ಟ್ಯಾಗ್‌ನಿಂದ ಓದುವ ಬಿಲ್ಡ್ ಸ್ಕ್ರಿಪ್ಟ್‌ಗಳು ಇದರಿಂದಾಗಿ ವಿಚಿತ್ರವಾದ ಜಾಗಗಳಲ್ಲಿ ಮುರಿಯುತ್ತವೆ. ಮಾಲೀಕತ್ವವನ್ನು ಸರಿಪಡಿಸುವುದು ಉತ್ತಮ. ಆಗದಿದ್ದರೆ ಆ ಒಂದು ದಾರಿಯನ್ನು ಮಾತ್ರ ‘ಸೇಫ್ ಡೈರೆಕ್ಟರಿ’ ಸಂರಚನೆಗೆ ಸೇರಿಸಬಹುದು. ಅಲ್ಲಿ ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ನಂಬುವುದನ್ನು ಬಿಸಾಡಬಹುದಾದ ಕಂಟೈನರ್‌ನೊಳಗಷ್ಟೇ ಒಪ್ಪಬಹುದು.

ಡಾಕರ್‌ನ ‘ಯೂಸರ್’ ಆಯ್ಕೆಗೆ ಬರಿಯ ಸಂಖ್ಯೆ ಕೊಟ್ಟಾಗ, ಆ ಸಂಖ್ಯೆಗೆ ಕಂಟೈನರ್‌ನ ಪಾಸ್‌ವರ್ಡ್ ಫೈಲ್‌ನಲ್ಲಿ ನಮೂದು ಇರದಿದ್ದರೆ, ಶೆಲ್ ತನ್ನನ್ನು ‘ಐ ಹ್ಯಾವ್ ನೋ ನೇಮ್’ ಎಂದು ಪರಿಚಯಿಸಿಕೊಳ್ಳುತ್ತದೆ, ಹೋಮ್ ವೇರಿಯಬಲ್ ಮೂಲ ಡೈರೆಕ್ಟರಿಯನ್ನು ತೋರಿಸುತ್ತದೆ, ಬಳಕೆದಾರನ ಹೆಸರು ಕೇಳುವ ಪೈಥಾನ್ ಕೋಡ್ ಎಡವುತ್ತದೆ, ಎಸ್‌ಎಸ್‌ಎಚ್ ಓಡುವುದೇ ಇಲ್ಲ. ಇಮೇಜ್ ಕಟ್ಟುವಾಗಲೇ ಆ ಯುಐಡಿಗೆ ಒಬ್ಬ ಬಳಕೆದಾರನನ್ನು ರಚಿಸುವುದು ನೆಟ್ಟಗಿನ ದಾರಿ. ಪಾಡ್‌ಮ್ಯಾನ್‌ನಲ್ಲಿ ‘ಕೀಪ್ ಐಡಿ’ ಎಂಬ ಯೂಸರ್ ನೇಮ್‌ಸ್ಪೇಸ್ ಆಯ್ಕೆ ಇದನ್ನು ಸುಲಭಗೊಳಿಸುತ್ತದೆ.

ಇನ್ನು ಟೆಸ್ಟ್‌ಗಳ ಒಳಗೇ ಅಡಗಿರುವ ಒಂದು ದೋಷ. ಡೈರೆಕ್ಟರಿಯೊಂದಕ್ಕೆ ಚ್‌ಮಾಡ್ 000 ಮಾಡಿ, ಮುಗಿದ ಮೇಲೆ ಅನುಮತಿಯನ್ನು ಮರಳಿಸದೆ ಬಿಟ್ಟ ಟೆಸ್ಟ್ ರೂಟ್ ಆಗಿ ಓಡಿದಾಗ ಯಾರಿಗೂ ತೊಂದರೆಯಾಗುವುದಿಲ್ಲ, ಏಕೆಂದರೆ ರೂಟ್ ಅದನ್ನು ಒಳಗಿನ ಫೈಲ್‌ಗಳ ಸಮೇತ ಅಳಿಸಬಲ್ಲ. ಸಾಮಾನ್ಯ ಬಳಕೆದಾರನಿಗೆ ಅದು ಅಸಾಧ್ಯ, ಹಾಗಾಗಿ ಮುಖ್ಯ ಪರೀಕ್ಷೆ ಉತ್ತೀರ್ಣವಾಗಿ ಶುಚಿಗೊಳಿಸುವ ಹಂತದಲ್ಲಿ ದೋಷ ಬರುತ್ತದೆ. ಅನುಮತಿ ತೆಗೆಯುವ ಸಾಲಿನ ಬೆನ್ನಿಗೇ ಅದನ್ನು ಮರಳಿಸುವ ಸಾಲು ‘ಫೈನಲಿ’ ಭಾಗದಲ್ಲಿಯೋ ಫಿಕ್ಸ್‌ಚರ್‌ನಲ್ಲಿಯೋ (ಟೆಸ್ಟ್‌ನ ಸಿದ್ಧತೆಯನ್ನೂ ಶುಚಿಯನ್ನೂ ನೋಡಿಕೊಳ್ಳುವ ಭಾಗ) ಇರಬೇಕು.

ರೂಟ್‌ಗೇ ‘ಪರ್ಮಿಷನ್ ಡಿನೈಡ್’ ಬರುವ ಸಂದರ್ಭವೂ ಉಂಟು, ಮೊದಲ ಬಾರಿ ಕಂಡಾಗ ನಂಬಲು ಕಷ್ಟವಾಗುತ್ತದೆ. ಕರ್ನಲ್ 4.19ರಲ್ಲಿ ಬಂದ ‘ಪ್ರೊಟೆಕ್ಟೆಡ್ ರೆಗ್ಯುಲರ್’ ಎಂಬ ರಕ್ಷಣೆ ಸಕ್ರಿಯವಾಗಿರುವ ಯಂತ್ರದಲ್ಲಿ, ಟೆಂಪ್‌ನಂತಹ ಸ್ಟಿಕಿ ಬಿಟ್ (ಬೇರೆಯವರ ಫೈಲ್ ಅಳಿಸದಂತೆ ತಡೆಯುವ ಗುರುತು) ಇರುವ ಸಾರ್ವಜನಿಕ ಡೈರೆಕ್ಟರಿಯಲ್ಲಿ ಬೇರೊಬ್ಬನು ರಚಿಸಿದ ಫೈಲನ್ನು ‘ಇಲ್ಲದಿದ್ದರೆ ರಚಿಸು’ ಎಂಬ ಫ್ಲ್ಯಾಗ್‌ನೊಂದಿಗೆ ತೆರೆಯಲು ಹೋದರೆ ರೂಟ್‌ಗೂ ನಿರಾಕರಣೆಯೇ ಸಿಗುತ್ತದೆ. ಟೆಂಪ್‌ನಲ್ಲಿ ನಿಗದಿತ ಹೆಸರಿನ ಲಾಗ್ ಅಥವಾ ಲಾಕ್ ಫೈಲ್ ಬಳಸುವ ಟೆಸ್ಟ್‌ಗಳನ್ನು ಒಮ್ಮೆ ನಾವಾಗಿ, ಇನ್ನೊಮ್ಮೆ ಸುಡೊ ಮೂಲಕ ಓಡಿಸಿದಾಗ ಇದು ಎದುರಾಗುತ್ತದೆ. ಪ್ರತಿ ಓಟಕ್ಕೂ ಪ್ರತ್ಯೇಕ ತಾತ್ಕಾಲಿಕ ಡೈರೆಕ್ಟರಿ ಬಳಸುವುದೇ ಮದ್ದು. ಆ ರಕ್ಷಣೆಯನ್ನು ಆರಿಸುವುದಲ್ಲ.

ಮೂರನೆಯ ಹೆಜ್ಜೆ: ರೂಟ್ ಅನಿವಾರ್ಯವಾದರೆ ಕೇಪಬಿಲಿಟಿಯನ್ನು ಕಳಚುವುದು

ಕೆಲವೊಮ್ಮೆ ಇಮೇಜ್ ಬದಲಿಸಲಾಗದು, ಮೌಂಟ್ ಮಾಡಿದ ಫೈಲ್‌ಗಳೆಲ್ಲ ರೂಟ್‌ನವೇ ಆಗಿರುತ್ತವೆ. ಆಗ ಡಾಕರ್‌ಗೆ ‘ಕ್ಯಾಪ್ ಡ್ರಾಪ್’ ಆಯ್ಕೆಯ ಮೂಲಕ ಡ್ಯಾಕ್ ಓವರ್‌ರೈಡ್ ಅನ್ನು ಕಳಚಲು ಹೇಳಬಹುದು. ಯುಐಡಿ 0 ಹಾಗೆಯೇ ಉಳಿಯುತ್ತದೆ, ಆದರೆ ತನ್ನದೇ ಫೈಲ್ ಆದರೂ 000 ಅನುಮತಿ ಇದ್ದರೆ ತೆರೆಯಲಾರದು. ಟೆಸ್ಟ್ ಬಯಸಿದ್ದು ಇದನ್ನೇ. ರೀಡ್ ಸರ್ಚ್ ಕೇಪಬಿಲಿಟಿ ಡಾಕರ್‌ನ ಸಾಮಾನ್ಯ ಪಟ್ಟಿಯಲ್ಲಿಯೇ ಇಲ್ಲವಾದ್ದರಿಂದ ಒಂದನ್ನು ಕಳಚಿದರೆ ಸಾಕು, ಮತ್ತು ‘ಕ್ಯಾಪ್ ಎಫ್’ ಸಾಲಿನ ಕೊನೆಯ ಅಂಕೆ ‘ಬಿ’ಯಿಂದ 9ಕ್ಕೆ ಇಳಿದಿರುವುದನ್ನು ನೋಡಿ ಖಚಿತಪಡಿಸಿಕೊಳ್ಳಬಹುದು. ಎಲ್ಲ ಕೇಪಬಿಲಿಟಿಗಳನ್ನೂ ಪಡೆದ ಪ್ರಿವಿಲೇಜ್ಡ್ ಕಂಟೈನರ್‌ನಲ್ಲಿ ಅಥವಾ ಕಂಟೈನರ್ ಇಲ್ಲದ ಯಂತ್ರದಲ್ಲಿ ಎರಡನ್ನೂ ಕಳಚಬೇಕು. ‘ಕ್ಯಾಪ್‌ಶ್’ ಆದೇಶದ ‘ಡ್ರಾಪ್’ ಆಯ್ಕೆಗೆ ಎರಡರ ಹೆಸರನ್ನೂ ಅಲ್ಪವಿರಾಮದಿಂದ ಬೇರ್ಪಡಿಸಿ ಕೊಟ್ಟು, ನಂತರದ ಶೆಲ್‌ನಲ್ಲಿ ಟೆಸ್ಟ್ ಓಡಿಸಬೇಕು. ಅಲ್ಲಿ ಡ್ಯಾಕ್ ಓವರ್‌ರೈಡ್ ಒಂದನ್ನೇ ಕಳಚಿದರೆ ಬರೆಯುವ ಟೆಸ್ಟ್‌ಗಳು ಸರಿಹೋಗಿ ಓದುವ ಟೆಸ್ಟ್‌ಗಳು ಬೀಳುತ್ತಲೇ ಇರುತ್ತವೆ.

ಈ ಉಪಾಯ ಫೈಲ್ ಅನುಮತಿಗಳಿಗೆ ಮಾತ್ರ ಸಂಬಂಧಿಸಿದ್ದು. ಯುಐಡಿಯನ್ನೇ ನೋಡಿ ವರ್ತನೆ ಬದಲಿಸುವ ಪ್ರೋಗ್ರಾಂಗಳಿಗೆ ಇದು ತಟ್ಟುವುದಿಲ್ಲ. ಫೈಲ್‌ಗಳನ್ನು ಆರ್ಕೈವ್ ಆಗಿ ಕಟ್ಟುವ, ಬಿಚ್ಚುವ ‘ಟಾರ್’ ಆದೇಶ ಇದಕ್ಕೆ ಒಳ್ಳೆಯ ಉದಾಹರಣೆ: ರೂಟ್ ಆಗಿ ಬಿಚ್ಚಿದಾಗ ಅದು ಆರ್ಕೈವ್‌ನಲ್ಲಿ ಬರೆದ ಮಾಲೀಕನನ್ನೂ ಅನುಮತಿಗಳನ್ನೂ ಹಾಗೆಯೇ ಮರುಸ್ಥಾಪಿಸಲು ಯತ್ನಿಸುತ್ತದೆ, ಸಾಮಾನ್ಯ ಬಳಕೆದಾರನಾಗಿ ಬಿಚ್ಚಿದಾಗ ಯುಮಾಸ್ಕ್‌ಗೆ ಮಣಿಯುತ್ತದೆ. ಬಿಚ್ಚಿದ ಫೈಲ್‌ಗಳ ಮಾಲೀಕ ತಾನೇ ಎಂದು ನಿರೀಕ್ಷಿಸುವ ಟೆಸ್ಟ್‌ಗಳಲ್ಲಿ ‘ನೋ ಸೇಮ್ ಓನರ್’ ಆಯ್ಕೆಯನ್ನು ಸ್ಪಷ್ಟವಾಗಿ ಬರೆದರೆ ಯಾರಾಗಿ ಓಡಿಸಿದರೂ ಒಂದೇ ಫಲಿತಾಂಶ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಟೆಸ್ಟನ್ನೇ ಮರುಬರವಣಿಗೆ ಮಾಡುವುದು

ಅನುಮತಿ ತೆಗೆದು ದೋಷ ಹುಟ್ಟಿಸುವ ಟೆಸ್ಟ್‌ಗಳನ್ನು ಒಂದೊಂದಾಗಿ ಓದಿದರೆ, ಅವುಗಳಲ್ಲಿ ಹೆಚ್ಚಿನವಕ್ಕೆ ಅನುಮತಿಯ ವಿಷಯದಲ್ಲಿ ವಿಶೇಷ ಆಸಕ್ತಿಯೇ ಇಲ್ಲವೆಂಬುದು ತಿಳಿಯುತ್ತದೆ. ‘ಫೈಲ್ ತೆರೆಯಲು ಆಗದಿದ್ದರೆ ಪ್ರೋಗ್ರಾಂ ಕುಸಿಯಬಾರದು, ಸರಿಯಾದ ಸಂದೇಶ ಕೊಡಬೇಕು’ ಎಂಬುದಷ್ಟೇ ಅವುಗಳ ಉದ್ದೇಶ, ಮತ್ತು ತೆರೆಯಲಾಗದ ಸ್ಥಿತಿಯನ್ನು ಸೃಷ್ಟಿಸಲು ಚ್‌ಮಾಡ್ ಎಲ್ಲಕ್ಕಿಂತ ಮೊದಲು ನೆನಪಿಗೆ ಬಂದ ಸಾಧನ, ಅಷ್ಟೇ. ರೂಟ್‌ಗೂ ತಪ್ಪದ ದೋಷಗಳು ಬೇಕಾದಷ್ಟಿವೆ, ಅವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಟೆಸ್ಟ್ ಎಲ್ಲಿ ಬೇಕಾದರೂ ಓಡುತ್ತದೆ.

ಫೈಲ್ ಇರಬೇಕಾದ ಹೆಸರಿನಲ್ಲಿ ಒಂದು ಡೈರೆಕ್ಟರಿಯನ್ನು ರಚಿಸಿಟ್ಟರೆ, ಬರೆಯಲು ತೆರೆಯುವ ಪ್ರಯತ್ನಕ್ಕೆ ‘ಈಸ್ ಎ ಡೈರೆಕ್ಟರಿ’ ಎಂಬ ದೋಷ ಎಲ್ಲರಿಗೂ ಸಿಗುತ್ತದೆ. ಡೈರೆಕ್ಟರಿ ಇರಬೇಕಾದ ಜಾಗದಲ್ಲಿ ಸಾದಾ ಫೈಲ್ ಇಟ್ಟು ಅದರ ಅಡಿಯಲ್ಲಿ ಇನ್ನೊಂದು ಫೈಲ್ ರಚಿಸಲು ಬಿಟ್ಟರೆ ‘ನಾಟ್ ಎ ಡೈರೆಕ್ಟರಿ’ ದೊರೆಯುತ್ತದೆ. ಔಟ್‌ಪುಟ್ ಡೈರೆಕ್ಟರಿ ರಚನೆ ವಿಫಲವಾದಾಗಿನ ನಡೆಯನ್ನು ಪರೀಕ್ಷಿಸಲು ಇದಕ್ಕಿಂತ ಸರಳವಾದುದು ಇಲ್ಲ. ಬರೆಯುವ ನಡುವೆ ದೋಷ ಬೇಕಾದರೆ ಲಿನಕ್ಸ್‌ನ ‘ಡೆವ್ ಫುಲ್’ ಎಂಬ ಸಾಧನ ಫೈಲ್ ಇದೆ: ತೆರೆಯಲು ಬಿಡುತ್ತದೆ, ಬರೆದೊಡನೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎನ್ನುತ್ತದೆ. ಬಫರ್ ಬಳಸುವ ಭಾಷೆಗಳಲ್ಲಿ ಆ ದೋಷ ಬರೆಯುವ ಸಾಲಿನಲ್ಲಿ ಬಾರದೆ ಫ್ಲಶ್ ಮಾಡುವಾಗಲೋ ಮುಚ್ಚುವಾಗಲೋ ಬರಬಹುದು. ಮುಚ್ಚುವಾಗಿನ ದೋಷವನ್ನು ನಿರ್ಲಕ್ಷಿಸುವ ಕೋಡ್ ಸಿಕ್ಕಿಬೀಳುವುದು ಈ ಟೆಸ್ಟ್‌ನಲ್ಲಿಯೇ, ಆದ್ದರಿಂದ ಚ್‌ಮಾಡ್‌ಗಿಂತ ಇದು ಹೆಚ್ಚು ಕಸುವಿನದು.

ಒಂದು ಎಚ್ಚರಿಕೆ ಅಗತ್ಯ. ಪೈಥಾನ್‌ನಲ್ಲಿ ಈ ದೋಷಗಳೆಲ್ಲ ‘ಓಎಸ್ ಎರರ್’ ವರ್ಗಕ್ಕೆ ಸೇರಿದವಾದರೂ ‘ಪರ್ಮಿಷನ್ ಎರರ್’ನ ಅಡಿಯಲ್ಲಿ ಬರುವವಲ್ಲ. ನಮ್ಮ ಕೋಡ್ ಅನುಮತಿ ದೋಷವನ್ನು ಮಾತ್ರ ಹಿಡಿಯುತ್ತಿದ್ದರೆ ಮರುಬರೆದ ಟೆಸ್ಟ್ ಬೀಳುತ್ತದೆ, ಆಗ ಕೋಡ್ ಅಷ್ಟು ಸಂಕುಚಿತವಾಗಿ ಹಿಡಿಯುತ್ತಿರುವುದು ಉದ್ದೇಶಪೂರ್ವಕವೇ ಎಂದು ಯೋಚಿಸಬೇಕಾಗುತ್ತದೆ. ಉದ್ದೇಶಪೂರ್ವಕವೇ ಆಗಿದ್ದರೆ ಫೈಲ್ ತೆರೆಯುವ ಫಂಕ್ಷನ್ನಿನ ಜಾಗದಲ್ಲಿ ದೋಷ ಎಸೆಯುವ ಅಣಕು ಫಂಕ್ಷನ್ ಇಡಬಹುದು. ಮಾಕಿಂಗ್ ಎಂಬ ಈ ತಂತ್ರ ನಮ್ಮ ದೋಷನಿರ್ವಹಣೆಯನ್ನು ಪರೀಕ್ಷಿಸುತ್ತದೆಯೇ ಹೊರತು ನಿಜವಾದ ಕರ್ನಲ್ ಆ ದೋಷವನ್ನು ಆ ಹಂತದಲ್ಲಿಯೇ ಕೊಡುತ್ತದೆ ಎಂಬುದನ್ನಲ್ಲ. ಆ ಮಿತಿಯನ್ನು ಒಪ್ಪಿಕೊಂಡು ಬಳಸಿದರೆ ತಪ್ಪಿಲ್ಲ.

ಫೈಲನ್ನು ‘ಚಟ್ಟರ್’ ಮೂಲಕ ಅಚಲವಾಗಿಸಿ ರೂಟ್‌ನನ್ನೂ ತಡೆಯಬಹುದೆಂದು ಸೂಚಿಸುವವರಿದ್ದಾರೆ. ಅದಕ್ಕೆ ಬೇಕಾದ ಕೇಪಬಿಲಿಟಿ ಡಾಕರ್‌ನ ಸಾಮಾನ್ಯ ಪಟ್ಟಿಯಲ್ಲಿಲ್ಲ, ಎಲ್ಲ ಫೈಲ್‌ಸಿಸ್ಟಂಗಳೂ ಅದನ್ನು ಬೆಂಬಲಿಸುವುದಿಲ್ಲ, ಟೆಸ್ಟ್ ನಡುವೆ ನಿಂತರೆ ಅಳಿಸಲಾಗದ ಫೈಲ್ ಉಳಿದುಬಿಡುತ್ತದೆ. ಬೇಡ.

ಐದನೆಯ ಹೆಜ್ಜೆ: ಬಿಟ್ಟುಬಿಡಲೇಬೇಕಾದರೆ ಸರಿಯಾದ ಷರತ್ತಿನ ಮೇಲೆ

ಅನುಮತಿ ಪರಿಶೀಲನೆಯೇ ವಿಷಯವಾಗಿರುವ ಕೆಲವು ಟೆಸ್ಟ್‌ಗಳು ಉಳಿದೇ ಉಳಿಯುತ್ತವೆ. ನಮ್ಮ ಪ್ರೋಗ್ರಾಂ ಹಂಚಲ್ಪಟ್ಟು ಯಾರ್ಯಾರೋ ಎಲ್ಲೆಲ್ಲೋ ಓಡಿಸುವಂತಹದಾದರೆ, ಅವನ್ನು ಷರತ್ತಿನ ಮೇಲೆ ಬಿಟ್ಟುಬಿಡುವುದು ಸಮಂಜಸ. ಇಲ್ಲಿ ಎಲ್ಲರೂ ಬರೆಯುವ ಷರತ್ತು ‘ಯುಐಡಿ 0 ಆಗಿದ್ದರೆ’ ಎಂಬುದು. ಗೋ ಭಾಷೆಯಲ್ಲಿ ‘ಗೆಟ್ ಯುಐಡಿ’ ನೋಡಿ ‘ಸ್ಕಿಪ್’ ಕರೆಯುವುದೂ, ಪೈಟೆಸ್ಟ್‌ನಲ್ಲಿ ‘ಸ್ಕಿಪ್ ಇಫ್’ ಗುರುತು ಹಾಕುವುದೂ ಇದೇ. ಬಹುತೇಕ ಸಂದರ್ಭಗಳಲ್ಲಿ ಇದು ನಡೆಯುತ್ತದೆ, ಆದರೆ ಷರತ್ತು ತಪ್ಪಾದದ್ದು. ಮೂರನೆಯ ಹೆಜ್ಜೆಯಂತೆ ಕೇಪಬಿಲಿಟಿ ಕಳಚಿದ ರೂಟ್‌ಗೆ ಟೆಸ್ಟ್ ಸರಿಯಾಗಿ ಓಡುತ್ತಿತ್ತು, ಆದರೂ ಬಿಟ್ಟುಹೋಗುತ್ತದೆ. ಫೇಕ್‌ರೂಟ್ ಅಡಿಯಲ್ಲಿ ಯುಐಡಿ 0 ಎಂಬುದು ಬರಿಯ ನಟನೆ, ಕರ್ನಲ್ ಮಟ್ಟಿಗೆ ಅದು ಸಾಮಾನ್ಯ ಬಳಕೆದಾರನೇ. ತಿರುಗಾಗಿ, ಯುಐಡಿ 1000 ಇದ್ದೂ ಡ್ಯಾಕ್ ಓವರ್‌ರೈಡ್ ಪಡೆದಿರುವ ಪ್ರೋಸೆಸ್ ಇದ್ದರೆ ಟೆಸ್ಟ್ ಬಿಟ್ಟುಹೋಗದೆ ಬೀಳುತ್ತದೆ.

ಗಿಟ್‌ನ ಸ್ವಂತ ಪರೀಕ್ಷಾ ಸಮೂಹ ಇದನ್ನು ಬಗೆಹರಿಸಿರುವ ರೀತಿ ಅನುಕರಣೀಯ. ಅಲ್ಲಿ ‘ಸ್ಯಾನಿಟಿ’ ಎಂಬ ಪೂರ್ವಷರತ್ತು ಇದೆ. ಅದು ಯುಐಡಿಯನ್ನು ಕೇಳುವುದೇ ಇಲ್ಲ. ಎರಡು ಡೈರೆಕ್ಟರಿಗಳನ್ನೂ ಅವುಗಳಲ್ಲಿ ಫೈಲ್‌ಗಳನ್ನೂ ರಚಿಸಿ, ಅನುಮತಿಗಳನ್ನು ತೆಗೆದು, ಓದಲು ಸಾಧ್ಯವೇ, ಅಳಿಸಲು ಸಾಧ್ಯವೇ, ಒಳಗಿರುವುದು ಕಾಣುತ್ತದೆಯೇ ಎಂದು ನಿಜವಾಗಿ ಪ್ರಯತ್ನಿಸಿ ನೋಡುತ್ತದೆ. ಇವುಗಳಲ್ಲಿ ಯಾವುದಾದರೂ ಸಾಧ್ಯವಾದರೆ ಅನುಮತಿಯನ್ನು ಅವಲಂಬಿಸಿದ ಟೆಸ್ಟ್‌ಗಳನ್ನು ಬಿಡುತ್ತದೆ. ಸಿಪೈಥಾನ್‌ನ ಪರೀಕ್ಷಾ ಸಮೂಹದಲ್ಲಿಯೂ ಡ್ಯಾಕ್ ಓವರ್‌ರೈಡ್ ಸಾಧ್ಯವೇ ಎಂದು ಪ್ರಯತ್ನಿಸಿ ನೋಡಿ ಬಿಡುವ ಸಹಾಯಕ ಫಂಕ್ಷನ್ ಇದೆ. ನಮ್ಮ ಪ್ರಾಜೆಕ್ಟ್‌ನಲ್ಲಿ ಇದಕ್ಕೆ ಬೇಕಾಗುವುದು ಹತ್ತು ಸಾಲಿನ ಒಂದು ಫಂಕ್ಷನ್: ತಾತ್ಕಾಲಿಕ ಫೈಲ್ ರಚಿಸು, ಅನುಮತಿ ತೆಗೆ, ತೆರೆಯಲು ಯತ್ನಿಸು, ತೆರೆದುಕೊಂಡರೆ ‘ಹೌದು, ತಡೆ ಕೆಲಸ ಮಾಡುವುದಿಲ್ಲ’ ಎಂದು ಹೇಳು, ಕೊನೆಯಲ್ಲಿ ಫೈಲ್ ಅಳಿಸು. ರೂಟನ್ನು ಅನಾಮಧೇಯನಾಗಿಸುವ ಎನ್‌ಎಫ್‌ಎಸ್‌ನಂತಹ ನೆಟ್‌ವರ್ಕ್ ಫೈಲ್‌ಸಿಸ್ಟಂಗಳ ಮೇಲೂ ಇದು ಸರಿಯಾದ ಉತ್ತರವನ್ನೇ ಕೊಡುತ್ತದೆ.

ಪೋರ್ಟ್‌ಗಳ ವಿಷಯದಲ್ಲಿಯೂ ಇದೇ ನೀತಿ ಅನ್ವಯಿಸುತ್ತದೆ. 80ನೇ ಪೋರ್ಟ್ ಹಿಡಿಯಲು ಹೋದರೆ ನಿರಾಕರಣೆ ಬರಬೇಕೆಂದು ನಿರೀಕ್ಷಿಸುವ ಟೆಸ್ಟ್ ರೂಟ್ ಆಗಿ ಬೀಳುವುದು ಸಹಜ. ಆದರೆ ಡಾಕರ್ 20.10ರಿಂದ ಈಚೆಗೆ, ಹೋಸ್ಟ್ ನೆಟ್‌ವರ್ಕ್ ಬಳಸದ ಕಂಟೈನರ್‌ಗಳಲ್ಲಿ ಕಾಯ್ದಿರಿಸಿದ ಪೋರ್ಟ್‌ಗಳ ಮಿತಿಯನ್ನು 0 ಎಂದು ಇಡಲಾಗುತ್ತದೆ, ಆದ್ದರಿಂದ ಸಾಮಾನ್ಯ ಬಳಕೆದಾರನಾದರೂ ಆ ಟೆಸ್ಟ್ ಬೀಳುತ್ತದೆ. ಯುಐಡಿ ನೋಡಿ ಬಿಟ್ಟವರಿಗೆ ಇದು ಒಗಟಾಗಿ ಕಾಣುತ್ತದೆ. ಈಗಾಗಲೇ ಯಾರೋ ಹಿಡಿದಿರುವ ಪೋರ್ಟನ್ನು ಮತ್ತೆ ಹಿಡಿಯಲು ಯತ್ನಿಸಿ ದೋಷ ಪಡೆಯುವುದು ಎಲ್ಲ ಕಡೆಯೂ ನಡೆಯುವ ದಾರಿ.

ಹೇಗೆ ಬಿಟ್ಟರೂ, ಸಿಐನಲ್ಲಿ ಕನಿಷ್ಠ ಒಂದು ಜಾಬ್ ಆದರೂ ಆ ಟೆಸ್ಟ್‌ಗಳನ್ನು ಬಿಡದೆ ಓಡಿಸಬೇಕು. ಪೈಟೆಸ್ಟ್‌ನಲ್ಲಿ ಬಿಟ್ಟವುಗಳ ಕಾರಣ ತೋರಿಸುವ ‘ಆರ್‌ಎಸ್’ ಆಯ್ಕೆಯನ್ನು ಹಾಕಿ ಲಾಗ್ ನೋಡಿದರೆ, ಎಲ್ಲಿಯೂ ಎಂದೂ ಓಡದ ಟೆಸ್ಟ್‌ಗಳು ಯಾವುವೆಂಬುದು ಹೊರಬೀಳುತ್ತದೆ.

ರೂಟ್ ಆಗಿ ಓಡಲು ಒಪ್ಪದ ಪ್ರೋಗ್ರಾಂಗಳು

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ‘ಇನಿಟ್‌ಡಿಬಿ’ ಮತ್ತು ಇಲಾಸ್ಟಿಕ್‌ಸರ್ಚ್ ಎರಡೂ ರೂಟ್ ಆಗಿ ಓಡಲು ನಿರಾಕರಿಸುತ್ತವೆ. ಪರೀಕ್ಷೆಗಾಗಿ ತಾತ್ಕಾಲಿಕ ಡೇಟಾಬೇಸ್ ಎಬ್ಬಿಸುವ ಫಿಕ್ಸ್‌ಚರ್‌ಗಳು ಇದರಿಂದಾಗಿ ಬೀಳುತ್ತವೆ. ಎರಡನೆಯ ಹೆಜ್ಜೆಯ ಹೊರತು ಇದಕ್ಕೆ ಬೇರೆ ಉಪಾಯ ಹುಡುಕಬಾರದು. ಗ್ನು ಟಾರ್‌ನಂತಹ ಪ್ಯಾಕೇಜ್‌ಗಳ ‘ಕಾನ್ಫಿಗರ್’ ಸ್ಕ್ರಿಪ್ಟ್ ರೂಟ್ ಆಗಿ ಓಡಿಸಬೇಡಿ ಎಂದು ನಿಂತುಬಿಡುತ್ತದೆ, ‘ಫೋರ್ಸ್ ಅನ್‌ಸೇಫ್ ಕಾನ್ಫಿಗರ್’ ಎಂಬ ವೇರಿಯಬಲ್ಲನ್ನು 1ಕ್ಕೆ ಹೊಂದಿಸಿದರೆ ಮುಂದುವರಿಯುತ್ತದೆ. ಬಿಸಾಡುವ ಕಂಟೈನರ್‌ನಲ್ಲಿ ಇದು ಒಪ್ಪತಕ್ಕದ್ದು.

ಬ್ರೌಸರ್ ಟೆಸ್ಟ್‌ಗಳಲ್ಲಿ ಕ್ರೋಮ್, ‘ನೋ ಸ್ಯಾಂಡ್‌ಬಾಕ್ಸ್’ ಆಯ್ಕೆಯಿಲ್ಲದೆ ರೂಟ್ ಆಗಿ ಓಡುವುದಿಲ್ಲ. ಸಾಮಾನ್ಯ ಬಳಕೆದಾರನಾಗಿ ಬದಲಾದ ಮೇಲೂ ಅದು ಏಳದಿರುವುದುಂಟು, ಏಕೆಂದರೆ ಅದರ ಸ್ಯಾಂಡ್‌ಬಾಕ್ಸ್‌ಗೆ ಬೇಕಾದ ಯೂಸರ್ ನೇಮ್‌ಸ್ಪೇಸ್ ರಚನೆಯನ್ನು ಡಾಕರ್‌ನ ಸಾಮಾನ್ಯ ಸೆಕಾಂಪ್ ನಿಯಮಗಳು (ಕರ್ನಲ್‌ಗೆ ಹೋಗುವ ಕರೆಗಳನ್ನು ಸೋಸುವ ನಿಯಮಗಳು) ತಡೆಯುತ್ತವೆ. ಸೆಕಾಂಪ್ ಪ್ರೊಫೈಲನ್ನು ಸಡಿಲಿಸಬೇಕೇ, ಸ್ಯಾಂಡ್‌ಬಾಕ್ಸನ್ನು ಬಿಡಬೇಕೇ ಎಂಬುದು ಟೆಸ್ಟ್ ತೆರೆಯುವ ಪುಟಗಳು ಯಾರವು ಎಂಬುದನ್ನು ಅವಲಂಬಿಸಿದೆ: ನಮ್ಮದೇ ಪುಟಗಳಾದರೆ ಸ್ಯಾಂಡ್‌ಬಾಕ್ಸ್ ಬಿಡಬಹುದು, ಹೊರಗಿನ ಜಾಲತಾಣಗಳನ್ನು ತೆರೆಯುವುದಾದರೆ ಬಿಡಬಾರದು.

ರೂಟ್ ಬೇಕೇ ಬೇಕೆನ್ನುವ ಟೆಸ್ಟ್‌ಗಳಿಗೆ ಪ್ರತ್ಯೇಕ ಜಾಗ

ಮಾಲೀಕತ್ವ ಬದಲಾವಣೆ, ಮೌಂಟ್, ಸಾಧನ ಫೈಲ್ ರಚನೆ, ಅಧಿಕಾರ ಕಳಚಿಕೊಳ್ಳುವ ಡೀಮನ್‌ನ ನಡೆ ಇವುಗಳನ್ನು ಪರೀಕ್ಷಿಸಲು ರೂಟ್ ಬೇಕಾಗಬಹುದು. ಇವುಗಳಿಗಾಗಿ ಇಡೀ ಸಮೂಹವನ್ನು ರೂಟ್ ಆಗಿ ಓಡಿಸುವುದು ಸಲ್ಲದು. ಗ್ನು ಕೋರ್‌ಯುಟಿಲ್ಸ್‌ನಲ್ಲಿ ‘ಚೆಕ್’ ಮತ್ತು ‘ಚೆಕ್ ರೂಟ್’ ಎಂಬ ಎರಡು ಪ್ರತ್ಯೇಕ ಮೇಕ್ ಟಾರ್ಗೆಟ್‌ಗಳಿವೆ. ಒಂದು ಟೆಸ್ಟ್ ತನಗೆ ರೂಟ್ ಬೇಕೆಂದೋ ರೂಟ್ ಇದ್ದರೆ ಬಿಡಬೇಕೆಂದೋ ತನ್ನ ಮೊದಲ ಸಾಲುಗಳಲ್ಲಿಯೇ ಘೋಷಿಸುತ್ತದೆ, ಮತ್ತು ರೂಟ್ ಸಮೂಹದೊಳಗೂ ಸಾಮಾನ್ಯ ಬಳಕೆದಾರನ ಅಗತ್ಯ ಬಿದ್ದಾಗ ಬಳಸಬೇಕಾದ ಹೆಸರನ್ನು ಒಂದು ವೇರಿಯಬಲ್ ಮೂಲಕ ಕೊಡಬಹುದು. ಇದೇ ವಿಂಗಡಣೆಯನ್ನು ಪೈಟೆಸ್ಟ್‌ನ ಮಾರ್ಕರ್‌ಗಳಿಂದಲೋ ಗೋ ಭಾಷೆಯ ಬಿಲ್ಡ್ ಟ್ಯಾಗ್‌ಗಳಿಂದಲೋ ಮಾಡಿಕೊಳ್ಳಬಹುದು. ರೂಟ್ ಜಾಬ್‌ನಲ್ಲಿ ಆ ಗುರುತು ಹೊತ್ತ ಟೆಸ್ಟ್‌ಗಳು ಮಾತ್ರ ಓಡಬೇಕು, ಅದೂ ಪ್ರತಿ ಬಾರಿ ಹೊಸದಾಗಿ ಹುಟ್ಟುವ ಕಂಟೈನರ್‌ನಲ್ಲಿ, ಹೋಸ್ಟ್‌ನ ಸೋರ್ಸ್ ಡೈರೆಕ್ಟರಿಯನ್ನು ಓದಲು ಮಾತ್ರ ಬಿಡುವಂತೆ ಮೌಂಟ್ ಮಾಡಿ. ಆ ಜಾಬ್‌ನಲ್ಲಿ ಗುರುತು ಹೊತ್ತ ಟೆಸ್ಟ್ ಒಂದಾದರೂ ಓಡದಿದ್ದರೆ ಜಾಬ್ ವಿಫಲವಾಗುವಂತೆ ನೋಡಿಕೊಳ್ಳಬೇಕು. ಪೈಟೆಸ್ಟ್ ಯಾವ ಟೆಸ್ಟನ್ನೂ ಆಯ್ಕೆ ಮಾಡದಿದ್ದಾಗ 5 ಎಂಬ ಪ್ರತ್ಯೇಕ ನಿರ್ಗಮನ ಸಂಕೇತ ಕೊಡುವುದರಿಂದ ಅಲ್ಲಿ ಹೆಚ್ಚಿನ ಶ್ರಮವಿಲ್ಲ, ಆದರೆ ಆಯ್ಕೆಯಾಗಿಯೂ ಬಿಟ್ಟುಹೋದವುಗಳನ್ನು ಅದು ವೈಫಲ್ಯವೆಂದು ಎಣಿಸುವುದಿಲ್ಲವಾದ್ದರಿಂದ ಈ ಜಾಬ್‌ನಲ್ಲಿ ‘ರೂಟ್ ಇಲ್ಲದಿದ್ದರೆ ಬಿಡು’ ಎಂಬ ಷರತ್ತನ್ನು ‘ರೂಟ್ ಇಲ್ಲದಿದ್ದರೆ ವಿಫಲವಾಗು’ ಎಂದು ಬದಲಿಸಿಡಬೇಕು.